ಗುಮ್ಮಟಕೂಗು ಮೀಮಾಂಸೆ

ಏರಿದವನು ಕೂಗುವನು. ಇದು ಪ್ರಥಮ ಸೂತ್ರ.

ಭಾಷ್ಯ: ವಿಜಯಪುರದ ಗೋಳಗುಮ್ಮಟದ ನಾಲ್ಕು ಮೂಲೆಗೆ ಏಳಂತಸ್ತಿನ ನಾಲ್ಕು ಗೋಪುರಗಳಿವೆ. ಅವುಗಳೊಳಗಿನ ಇಕ್ಕಟ್ಟಾದ ಮೆಟ್ಟಿಲುಗಳನ್ನು, ಇಳಿದು ಬರುವವರಿಗೆ ಗೋಡೆಗಂಟಿ ದಾರಿ ಬಿಡುತ್ತ, ಏದುಸಿರಿನಲ್ಲಿ ಹತ್ತಿ ಒಳಸುತ್ತಿನ ಮೊಗಸಾಲೆಗೆ ಕಾಲಿಟ್ಟ ಜೀವಿಯು ಉಸಿರು ಮರಳಿದ ಕೂಡಲೇ ಅದನ್ನು ಕೂಗಾಗಿ ಖರ್ಚು ಮಾಡುತ್ತದೆ. ಸೂತ್ರದಲ್ಲಿ ಪುಲ್ಲಿಂಗವಿದೆಯಲ್ಲ, ಹೆಂಗಸರ ಗತಿಯೇನು ಎಂದು ಪೂರ್ವಪಕ್ಷಿಗಳು ಆಕ್ಷೇಪಿಸಬಹುದು. ಅವರು ಭಾನುವಾರ ಮಧ್ಯಾಹ್ನ ಒಮ್ಮೆ ಮೇಲೆ ಹೋಗಿ ನಿಲ್ಲಲಿ. ಒಂದೇ ಸಂದೇಹಕ್ಕೆ ಏಳು ಸಲ ಪರಿಹಾರ ಸಿಗುತ್ತದೆ.

ಈ ಕಟ್ಟಡದ ಬಗ್ಗೆ ಪೂರ್ವಸೂರಿಗಳು ಬರೆದದ್ದೆಲ್ಲ ಹೆಚ್ಚಾಗಿ ಅಳತೆಯ ಮಾತು. 1627ರಿಂದ 1656ರವರೆಗೆ ಆಳಿದ ಮೊಹಮ್ಮದ್ ಆದಿಲ್ ಶಾಹನ ಸಮಾಧಿ ಇದು. ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ನೆಲದ ವಿಸ್ತಾರ ಸುಮಾರು 1,700 ಚದರ ಮೀಟರ್. ನಡುವೆ ಒಂದು ಕಂಬವೂ ಇಲ್ಲ. ಚೌಕದ ಮೇಲೆ ದುಂಡನೆಯದನ್ನು ಕೂರಿಸುವುದು ಹೇಗೆಂಬ ಕಗ್ಗಂಟನ್ನು, ಕಮಾನುಗಳನ್ನು ಒಂದರ ಮೇಲೊಂದು ಹಾಯಿಸಿ, ಆ ಹೆಣಿಗೆಯ ಮೇಲೆ ಗುಮ್ಮಟ ಹೊರಿಸಿ ಬಿಡಿಸಿದ್ದಾರೆ. ಕೆಳಗೆ ಕಟ್ಟೆಯ ಮೇಲೆ ಕಾಣುವುದು ತೋರಿಕೆಯ ಗೋರಿಗಳು, ಅಸಲಿ ಗೋರಿಗಳು ಅದರಡಿಯ ನೆಲಮಾಳಿಗೆಯಲ್ಲಿವೆ. ಇಷ್ಟನ್ನೂ ಗೈಡು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾನೆ. ಪ್ರವಾಸಿ ತಲೆದೂಗಿ, “ಅದಿರ್ಲಿ, ಕೂಗೋದು ಎಲ್ಲಿ?” ಎನ್ನುತ್ತಾನೆ. ಪೂರ್ವಸೂರಿಗಳು ಉತ್ತರಿಸದೆ ಹೋದ ಈ ಮೂಲಪ್ರಶ್ನೆಯೇ ಪ್ರಸ್ತುತ ಅಧ್ಯಯನದ ವಸ್ತು.

ಮೊದಲು ಒಂದು ವಿಪರ್ಯಾಸವನ್ನು ದಾಖಲಿಸಬೇಕು. ಆ ಮೊಗಸಾಲೆ ಹೆಸರಾದದ್ದು ಕೂಗಿಗಲ್ಲ, ಪಿಸುಮಾತಿಗೆ. ಗೋಡೆಗೆ ಬಾಯಿ ಹಚ್ಚಿ ಗುಟ್ಟು ಹೇಳಿದರೆ ದನಿಯು ಬಾಗಿದ ಗೋಡೆಯ ಗುಂಟ ಹರಿದು, ಮೂವತ್ತೇಳು ಮೀಟರಿನಾಚೆ ಎದುರು ಗೋಡೆಗೆ ಕಿವಿಯಿಟ್ಟು ಕೂತವನಿಗೆ ಪಕ್ಕದಲ್ಲೇ ಹೇಳಿದಂತೆ ಕೇಳುತ್ತದೆ. ಬೆಳಗ್ಗೆ ಬಾಗಿಲು ತೆರೆದೊಡನೆ ಹೋದವರಿಗೆ ಇದು ಪ್ರತ್ಯಕ್ಷ. ಗೈಡು ಆಚೆ ಬದಿ ಕೂತು ಹಳೆಯ ಟಿಕೀಟನ್ನು ಮೆಲ್ಲಗೆ ಹರಿಯುತ್ತಾನೆ. ಈಚೆ ಬದಿಯವನಿಗೆ ತನ್ನ ಅಂಗಿಯೇ ಹರಿಯಿತೇನೋ ಅನ್ನಿಸಿ ಕೈ ಕಂಕುಳಿಗೆ ಹೋಗುತ್ತದೆ. ಬೆಂಕಿಕಡ್ಡಿ ಗೀರಿದ್ದೂ ಕೇಳುತ್ತದೆ. ಆದರೆ ಈ ಚಮತ್ಕಾರಕ್ಕೆ ಒಂದು ಪೂರ್ವಾರ್ಹತೆ ಉಂಟು: ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು. ಭರತಖಂಡದ ಪ್ರವಾಸಿ ತಾಣಗಳಲ್ಲಿ ಈ ಅರ್ಹತೆ ಬೆಳಗಿನ ಏಳೂವರೆಯ ನಂತರ ಸಿದ್ಧಿಸುವುದಿಲ್ಲ.

ಇನ್ನು ಕೂಗಿನ ಪ್ರಭೇದಗಳು. ಆರಂಭಿಕರದ್ದು ‘ಹಲೋ’. ಇದು ಎದುರು ಉತ್ತರ ಬಯಸುವ ಕೂಗು. ಉತ್ತರವಾಗಿ ಬರುವುದೂ ‘ಹಲೋ’ ಆದ್ದರಿಂದ ಸಂಭಾಷಣೆ ಮುಂದುವರಿಯುವುದಿಲ್ಲ. ಸ್ವನಾಮಕೂಗು ಹೆಚ್ಚು ಪ್ರೌಢವಾದದ್ದು. ಊರಲ್ಲಿ ಯಾರೂ ಎರಡನೇ ಸಲ ಕರೆಯದ ಹೆಸರನ್ನು ಇಲ್ಲಿ ಆಕಾಶವೇ ಏಳು ಬಾರಿ ಕರೆಯುತ್ತದೆಂಬುದು ಅದರ ಫಲಶ್ರುತಿ. ಹೊಸದಾಗಿ ಮದುವೆಯಾದವರಲ್ಲಿ ಗಂಡ ಹೆಂಡತಿಯ ಹೆಸರು ಕೂಗುತ್ತಾನೆ. ಮದುವೆಯಾಗಿ ಬಹುಕಾಲವಾದವರಲ್ಲಿ ಹೆಂಡತಿಯು ಕೆಳಗೆ ಎಲ್ಲೋ ತಪ್ಪಿಸಿಕೊಂಡ ಗಂಡನ ಹೆಸರನ್ನು ಕೂಗುತ್ತಾಳೆ. ಧ್ವನಿಶಾಸ್ತ್ರದ ಪ್ರಕಾರ ಎರಡೂ ಒಂದೇ, ಕಾವ್ಯಶಾಸ್ತ್ರದ ಪ್ರಕಾರ ರಸಗಳು ಬೇರೆ. ಶಿಳ್ಳೆ ಮತ್ತು ಚಪ್ಪಾಳೆಗಳಿಗೆ ಭಾಷೆಯ ಹಂಗಿಲ್ಲವಾದ್ದರಿಂದ ಅವನ್ನು ಭಾಷಾವಿಜ್ಞಾನಿಗಳಿಗೆ ಬಿಟ್ಟುಕೊಡುವ ಅಗತ್ಯ ಕಾಣುವುದಿಲ್ಲ.

ಎಲ್ಲಕ್ಕೂ ಮಿಗಿಲಾದದ್ದು ನಿಷೇಧಕೂಗು. ಶಾಲಾ ಪ್ರವಾಸದ ತಿಂಗಳುಗಳಲ್ಲಿ ಮಾತ್ರ ಇದರ ದರ್ಶನ. ನೀಲಿ ಸಮವಸ್ತ್ರದ ಮಕ್ಕಳು ಒಬ್ಬರ ಹೆಗಲು ಒಬ್ಬರು ಹಿಡಿದು ರೈಲಿನಂತೆ ಬಂದು, ಕಟಾಂಜನಕ್ಕೆ ಹೊಟ್ಟೆ ಒತ್ತಿ ನಿಂತು, ಒಟ್ಟಿಗೇ ಬಾಯಿ ತೆರೆಯುತ್ತಾರೆ. ಆಗ ಕೊರಳಲ್ಲಿ ಸೀಟಿ, ಕೈಯಲ್ಲಿ ಹಾಜರಿ ಪಟ್ಟಿ ಇರುವ ಮಾಸ್ತರರು ಎಲ್ಲರಿಗಿಂತ ಎತ್ತರದ ದನಿಯಲ್ಲಿ “ಏ, ಸುಮ್ನ ನಿಂದ್ರಲೇ!” ಎಂದು ಗದರುತ್ತಾರೆ. ಮಕ್ಕಳು ತಕ್ಷಣ ಸುಮ್ಮನಾಗುತ್ತಾರೆ, ಗುಮ್ಮಟ ಆಗುವುದಿಲ್ಲ. “ನಿಂದ್ರಲೇ… ನಿಂದ್ರಲೇ…” ಎಂದು ಅದು ಮಾಸ್ತರರನ್ನೇ ಗದರಿಸುತ್ತ ಹೋಗುತ್ತದೆ. ಹೀಗಾಗಿ ಅಲ್ಲಿ ಅತಿ ಸ್ಪಷ್ಟವಾಗಿ ಕೇಳಿಬರುವ ವಾಕ್ಯ, ಮೌನಕ್ಕೆ ಕೊಟ್ಟ ಅಪ್ಪಣೆ. ಮರುದನಿ ನಿಖರವಾಗಿ ಎಷ್ಟು ಸಲವೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಏಳು ಎಂಬುದು ಒಂದು ಪಂಥ, ಹತ್ತು ಎಂಬುದು ಇನ್ನೊಂದು. ಮೂರನೆಯದು ಮುಗಿಯುವಷ್ಟರಲ್ಲಿ ಬೇರೊಬ್ಬ ಕೂಗಿಬಿಡುವುದರಿಂದ ಈ ವಿವಾದ ಸದ್ಯಕ್ಕೆ ಬಗೆಹರಿಯುವ ಲಕ್ಷಣವಿಲ್ಲ.

ಕೆಳಗೆ ಮಲಗಿರುವವನ ತಂದೆ ಎರಡನೇ ಇಬ್ರಾಹಿಂ ಆದಿಲ್ ಶಾಹ. ಸಂಗೀತದ ಹುಚ್ಚಿದ್ದವನು, ರಾಗಗಳಿಗೆ ಕೂಡಿಸಿದ ದಖನಿ ಹಾಡುಗಳ ‘ಕಿತಾಬ್-ಎ-ನವರಸ್’ ಬರೆದವನು, ಸರಸ್ವತಿಯನ್ನು ನೆನೆದವನು, ಜನರಿಂದ ಜಗದ್ಗುರು ಎನ್ನಿಸಿಕೊಂಡವನು. ಅಂಥವನ ಮಗನ ತಲೆಯ ಮೇಲೆ ಮುನ್ನೂರೈವತ್ತು ವರ್ಷಗಳ ಮೇಲೆ ಹಗಲೆಲ್ಲ ಶಿಳ್ಳೆಯ ಸಮಾರಾಧನೆ ನಡೆಯುತ್ತಿದೆ. ವಂಶದಲ್ಲಿ ನಾದಯೋಗವಿತ್ತೆಂದು ಇದಕ್ಕಿಂತ ಹೆಚ್ಚಿನ ಪುರಾವೆ ಏಕೆ ಬೇಕು?

ಕೊಟ್ಟಷ್ಟು ಜನ. ಇದು ದ್ವಿತೀಯ ಸೂತ್ರ. ಪ್ರವಾಸೋದ್ಯಮವೆಂಬ ಮಹಾವೃಕ್ಷದ ಬೇರು ಇದರಲ್ಲಿದೆ.

ಭಾಷ್ಯ: ಸ್ಮಾರಕವೊಂದು ನೋಡಲು ಬಂದವನಿಗೆ ಅವನನ್ನೇ ಎಷ್ಟು ಮರಳಿ ಕೊಡುತ್ತದೋ ಅಷ್ಟು ಜನ ಅಲ್ಲಿ ಸೇರುತ್ತಾರೆ. ಗೋಳಗುಮ್ಮಟ ದನಿಯನ್ನು ಬಡ್ಡಿ ಸಮೇತ ಹಿಂತಿರುಗಿಸುವುದರಿಂದ ಅಗ್ರಸ್ಥಾನ. ಅಲಿ ಆದಿಲ್ ಶಾಹ ಎರಡನೆಯವನು ಮುಗಿಸಲಾಗದೆ ಬಿಟ್ಟ ಬಾರಾ ಕಮಾನ್ ದನಿ ಕೊಡದಿದ್ದರೂ ಫೋಟೋಕ್ಕೆ ಕಪ್ಪುಕಲ್ಲಿನ ಚೌಕಟ್ಟು ಕೊಡುತ್ತದೆ. ಒಂದೊಂದು ಕಮಾನಿನಡಿ ಒಂದೊಂದು ಜೋಡಿ. ಕಟ್ಟಡ ಅರ್ಧಕ್ಕೆ ನಿಂತದ್ದೇ ಒಳ್ಳೆಯದಾಯಿತು. ಮೇಲೆ ಗುಮ್ಮಟ ಕೂತಿದ್ದರೆ ಬೆಳಕು ಸಾಲುತ್ತಿರಲಿಲ್ಲ ಎಂಬುದು ಛಾಯಾಗ್ರಾಹಕ ಸಂಪ್ರದಾಯದ ಅಭಿಮತ. ಉಪ್ಲಿ ಬುರುಜಿನ ಹೊರಮೆಟ್ಟಿಲು ಹತ್ತಿದರೆ ಊರಿಗೆ ಊರೇ ಕಾಣುತ್ತದೆ. ಆದರೆ ಹತ್ತಿದವನು ಮೊದಲು ಹುಡುಕುವುದು ತಾನಿಳಿದ ಲಾಡ್ಜನ್ನು.

ಮಲಿಕ್-ಎ-ಮೈದಾನ್ ತೋಪಿನ ಉದಾಹರಣೆ ಹೆಚ್ಚು ಬೋಧಪ್ರದ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಬಾಯಿಯ ಜಾಗದಲ್ಲಿ ಸಿಂಹದ ಮುಖ, ಅದರ ಕೋರೆಹಲ್ಲುಗಳ ನಡುವೆ ನಜ್ಜುಗುಜ್ಜಾಗುತ್ತಿರುವ ಆನೆ. ಬ್ರಿಟಿಷರ ಕಾಲದಲ್ಲಿ, 1854ರಲ್ಲಿ, ಇದನ್ನು ಹರಾಜಿಗಿಟ್ಟಾಗ ಬಂದ ಸವಾಲು ಕೇವಲ 150 ರೂಪಾಯಿ. ಇದು ತೀರಾ ಕಡಿಮೆಯಾಯಿತೆಂದು ಅಧಿಕಾರಿ ಮಾರಾಟ ಕೈಬಿಟ್ಟದ್ದರಿಂದ ತೋಪು ಉಳಿಯಿತು. ಶತ್ರುಗಳನ್ನು ನಡುಗಿಸಿದ್ದು ಗುಜರಿ ಧಾರಣೆಯಿಂದ ಬದುಕಿಕೊಂಡ ಕತೆ ಕೇಳಿ ಪ್ರವಾಸಿ ಏನು ಮಾಡುತ್ತಾನೆ? ಬೆರಳ ಗೆಣ್ಣಿನಿಂದ ಅದನ್ನು ತಟ್ಟುತ್ತಾನೆ. ಗಂಟೆಯಂತೆ ಠಣ್ಣೆನ್ನುತ್ತದೆ. “ಆಹಾ!” ಎಂದು ತೃಪ್ತನಾಗಿ, ಮಗನನ್ನು ಸಿಂಹದ ಬಾಯಿಯ ಬಳಿ ನಿಲ್ಲಿಸಿ, ಹೆದರಿದಂತೆ ಮುಖ ಮಾಡಲು ಹೇಳುತ್ತಾನೆ. ಆನೆಯ ಕಡೆ ಯಾರೂ ನೋಡುವುದಿಲ್ಲ.

ಏನನ್ನೂ ಹಿಂತಿರುಗಿಸದ ಜಾಗಗಳ ಪಾಡೇ ಬೇರೆ. ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿ ಪುರಾತತ್ವ ವಸ್ತುಸಂಗ್ರಹಾಲಯವಿದೆ; ಶಾಸನ, ಶಿಲ್ಪ, ಆಯುಧ, ಹಸ್ತಪ್ರತಿಗಳಿವೆ. ಬಿಸಿಲಿಗೆ ನೆರಳು ಬೇಕೆಂದು ಹೊಕ್ಕವರು ಹೊಕ್ಕಷ್ಟೇ ವೇಗದಲ್ಲಿ ಆಚೆ ಬಾಗಿಲಿನಿಂದ ಹೊರಬರುತ್ತಾರೆ. ಮೆಹತರ್ ಮಹಲಿನ ಹೊರಚಾಚಿದ ಸಜ್ಜೆಗೆ ಕೊಟ್ಟ ಕಲ್ಲಿನ ಚಾಚುಗಳು ಬಡಗಿಯೇ ಕೆತ್ತಿದಷ್ಟು ನಯವಾಗಿವೆ. ಅದರ ಮುಂದೆ ಟಾಂಗಾ ನಿಲ್ಲಿಸಿ ಎಂದರೆ ಟಾಂಗಾದವನಿಗೇ ಆಶ್ಚರ್ಯ. ಇಬ್ರಾಹಿಂ ರೋಜಾದಲ್ಲಿ ಕಿಟಕಿಯ ಮೇಲಿನ ಜಾಲಂಧ್ರಗಳನ್ನೇ ಅಕ್ಷರಗಳಾಗಿ ಕೊರೆದಿದ್ದಾರೆ. ಒಳಗಿನ ಕತ್ತಲಿಗೆ ಬರುವ ಬೆಳಕೆಲ್ಲ ಬರಹದೊಳಗಿಂದ ತೂರಿ ಬರಬೇಕು. ತಲೆಯ ಮೇಲೆ ಸಮತಟ್ಟಾದ ಕಲ್ಲಿನ ಮಾಳಿಗೆ. ಅದು ಯಾವುದರ ಆಸರೆಯಲ್ಲಿ ನಿಂತಿದೆಯೆಂದು ಕತ್ತು ನೋಯುವವರೆಗೆ ನೋಡಿದರೂ ತಿಳಿಯದು. ನನ್ನನ್ನು ಕೇಳಿದರೆ ಊರಿನಲ್ಲಿ ಇದಕ್ಕೆ ಸಾಟಿ ಇನ್ನೊಂದಿಲ್ಲ. ಆದರೆ ಸೂತ್ರ ನಿಷ್ಠುರವಾದದ್ದು. ಒಬ್ಬ ತರುಣ ಒಳಗೆ ನಿಂತು “ಓ” ಎಂದ. ಮರುದನಿಯ ಮಾಯೆ ಇಲ್ಲಿಲ್ಲ. “ಇಲ್ಲೇನೂ ಇಲ್ಲ, ನಡೀರೋ” ಎಂದು ಗೆಳೆಯರನ್ನು ಕರೆದುಕೊಂಡು ಹೋದ.

ಶಾಸನವಿಭಾಗದಲ್ಲೂ ಇದೇ ಸೂತ್ರ ಅನ್ವಯವಾಗುತ್ತದೆ. ಗೋಳಗುಮ್ಮಟದ ದಕ್ಷಿಣ ಬಾಗಿಲ ಮೇಲೆ ಮೂರು ಭಾಗದ ಪಾರ್ಸಿ ಬರಹವಿದೆ; ಒಂದೊಂದು ಭಾಗದ ಅಕ್ಷರಗಳ ಬೆಲೆ ಕೂಡಿಸಿದರೂ ಸುಲ್ತಾನ ತೀರಿಕೊಂಡ ಹಿಜರಿ 1067 ಬರುತ್ತದೆ. ಒಳಗೆ ಗೋಪುರದ ಮೆಟ್ಟಿಲ ಗೋಡೆಗಳಲ್ಲಿ ಅರ್ವಾಚೀನ ಶಾಸನಗಳಿವೆ: ಒಂದು ಹೃದಯ, ಅದಕ್ಕೆ ಚುಚ್ಚಿದ ಬಾಣ, ಆಚೀಚೆ ಎರಡು ಅಕ್ಷರ. ಲಿಪಿ ಕನ್ನಡ, ದೇವನಾಗರಿ, ರೋಮನ್. ಉಪಕರಣ ಮೊಳೆ ಅಥವಾ ಬೀಗದ ಕೈ. ರಾಜಮುದ್ರೆ ಇಲ್ಲ, ಶಾಪಾಶಯವೂ ಇಲ್ಲ. ಕಾಲ ನಮೂದಿಸದ್ದರಿಂದ ಯಾವ ದಂಪತಿಗಳು ಯಾರಿಗಿಂತ ಪ್ರಾಚೀನರೆಂದು ನಿರ್ಣಯಿಸುವುದು ಮುಂದಿನ ಸಂಶೋಧಕರಿಗೆ ಕಷ್ಟವಾಗಲಿದೆ.

ಈ ಸಿದ್ಧಾಂತಕ್ಕೆ ಬಗ್ಗದ ಒಂದು ಅಪವಾದವನ್ನು ಪ್ರಾಮಾಣಿಕತೆಗಾಗಿ ಇಲ್ಲಿ ಸೇರಿಸಲಾಗಿದೆ. ರೋಜಾದ ಜಗಲಿಯ ಮೇಲೆ ರುಮಾಲನ್ನು ತಲೆದಿಂಬು ಮಾಡಿಕೊಂಡು ಅಡ್ಡಾಗಿದ್ದ ಅದೇ ಊರಿನ ಅಜ್ಜರೊಬ್ಬರನ್ನು ಸಂದರ್ಶಿಸಲಾಯಿತು. ಗೋಳಗುಮ್ಮಟದ ಮೇಲೆ ಎಂದಾದರೂ ಹೋಗಿದ್ದಿರಾ ಎಂಬ ಪ್ರಶ್ನೆಗೆ ಅವರು ಏಳದೆಯೇ ಉತ್ತರಿಸಿದರು: “ಯಾಕ್ ಹೋಗೂದ್ರೀ? ಮನಿ ಮಾಳಗಿ ಮ್ಯಾಲ ನಿಂತ್ರ ದಿನಾ ಕಾಣ್ತೈತಿ.” ಆಮೇಲೆ ಮಗ್ಗುಲಾಗಿ, ಒಂದು ಕಣ್ಣು ತೆರೆದು ಕೇಳಿದರು: “ನೀವು ಹೋಗಿದ್ರೆಲ್ಲಾ? ಏನಂತ ಒದರಿದ್ರಿ?”

ಈ ಪ್ರಶ್ನೆ ಪ್ರಸ್ತುತ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.