ನಮ್ಮ ಯಜಮಾನಿಯ ನೀತಿ

ಗಿಲಿಯನ್ ಫ್ಲಿನ್ 2012ರಲ್ಲಿ ಪ್ರಕಟಿಸಿದ ‘ಗಾನ್ ಗರ್ಲ್’ ಕಾದಂಬರಿಯ ಮೊದಲರ್ಧದಲ್ಲಿ ಗಂಡ ನಿಕ್ ಒಂದು ಅಧ್ಯಾಯ ಹೇಳಿದರೆ, ಕಾಣೆಯಾದ ಹೆಂಡತಿ ಏಮಿಯ ಡೈರಿ ಮುಂದಿನದನ್ನು ಹೇಳುತ್ತದೆ. ಆಮೇಲೆ ಗೊತ್ತಾಗುತ್ತದೆ: ಏಮಿ ಸತ್ತಿಲ್ಲ, ಡೈರಿ ಬರೀ ಕಟ್ಟುಕಥೆ. (ಇನ್ನೂ ಓದದವರು ಕ್ಷಮಿಸಬೇಕು. ಸಾಕಷ್ಟು ವರ್ಷ ಕಾದಿದ್ದೇವೆ.) ಆ ಡೈರಿಯೇ ಮಾತಿಗೆ ಸಿಕ್ಕಿತು.

ಪ್ರಶ್ನೆ: ನಿಮ್ಮ ಮೊದಲ ಪುಟದ ತಾರೀಖು 2005ರ ಜನವರಿ 8. ನಿಜಕ್ಕೂ ಬರೆದದ್ದು ಯಾವಾಗ?

ಡೈರಿ: ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಖೇ ಅಲ್ಲವೇ ನಿಮ್ಮ ಜನ್ಮದಿನ? ನನ್ನದನ್ನು ಮಾತ್ರ ಯಾಕೆ ಕೆದಕುತ್ತೀರಿ?

ಪ್ರಶ್ನೆ: ನಿಕ್ ಮೇಲೆ ಸುಳ್ಳು ಹೊರಿಸಿದಿರಿ.

ಡೈರಿ: ತಳ್ಳಿದ ಎಂದಿದ್ದೇನೆ, ಪ್ರಾಣಭಯ ಎಂದಿದ್ದೇನೆ. ತನ್ನ ವಿದ್ಯಾರ್ಥಿನಿ ಆ್ಯಂಡಿಯೊಂದಿಗೆ ಅವನಿಗಿದ್ದ ಸಂಬಂಧದ ಬಗ್ಗೆ ಒಂದಕ್ಷರವೂ ಇಲ್ಲ. ಅವನು ಮಾಡಿದ ತಪ್ಪು ನನ್ನಲ್ಲಿಲ್ಲ, ಮಾಡದ್ದೆಲ್ಲ ಇದೆ.

ಪ್ರಶ್ನೆ: ಅದನ್ನೇಕೆ ಬಿಟ್ಟಿರಿ?

ಡೈರಿ: ಗಂಡನ ಕಳ್ಳಾಟ ತಿಳಿದ ಹೆಂಡತಿಗೆ ಸಿಟ್ಟಿರುತ್ತದೆ. ಸಿಟ್ಟಿರುವ ಹೆಂಗಸಿಗೆ ಯಾರು ಮರುಗುತ್ತಾರೆ? ಏನೂ ಅರಿಯದೆ, ಎಲ್ಲ ಸಹಿಸಿಕೊಂಡು ಹೋದವಳಿಗಾದರೆ ಊರೇ ಮೇಣದಬತ್ತಿ ಹಿಡಿದು ನಿಲ್ಲುತ್ತದೆ. ಯಜಮಾನಿಗೆ ನಿಮ್ಮೆಲ್ಲರ ನಾಡಿ ಗೊತ್ತಿತ್ತು.

ಪ್ರಶ್ನೆ: ಅವರಿದ್ದ ಮಿಸೌರಿಯಲ್ಲಿ ಕೊಲೆಗೆ ಮರಣದಂಡನೆ ಇದೆ. ಅವನ ಜೀವವೇ ಹೋಗುತ್ತಿತ್ತು.

ಡೈರಿ: ಅದೂ ಲೆಕ್ಕದಲ್ಲೇ ಇತ್ತು. ಅರ್ಧಂಬರ್ಧ ಕೆಲಸ ಅವಳಿಗಾಗದು.

ಪ್ರಶ್ನೆ: ಇದನ್ನೆಲ್ಲ ಎಲ್ಲಿ ಕಲಿತರು?

ಡೈರಿ: ಮನೆಯಲ್ಲೇ. ಅಪ್ಪ ಅಮ್ಮ ‘ಅಮೇಜಿಂಗ್ ಏಮಿ’ ಎಂಬ ಮಕ್ಕಳ ಪುಸ್ತಕಗಳನ್ನು ಬರೆದವರು. ಮಗಳು ಎಡವಿದ ಕಡೆಯಲ್ಲೆಲ್ಲ ಪುಸ್ತಕದ ಏಮಿ ಗೆಲ್ಲುತ್ತಿದ್ದಳು. ಅವರು ಮಗಳನ್ನು ತಿದ್ದಿ ಬರೆದು ಮಾರಿದರೆ ಮಕ್ಕಳ ಸಾಹಿತ್ಯ, ಮಗಳು ತನ್ನನ್ನು ತಾನೇ ತಿದ್ದಿ ಬರೆದರೆ ಅಪರಾಧ!

ಪ್ರಶ್ನೆ: ಅಂದರೆ ನಿಮ್ಮ ಯಜಮಾನಿಗೆ ನೀತಿ ಇದೆ ಅನ್ನುತ್ತೀರಾ?

ಡೈರಿ: ಇಲ್ಲದೆ ಏನು? ಓಜಾರ್ಕ್ ಬೆಟ್ಟಗಳಲ್ಲಿ ತಲೆಮರೆಸಿಕೊಂಡಿದ್ದಾಗ ಪಕ್ಕದ ಕ್ಯಾಬಿನ್ನಿನವರು ಅವಳ ದುಡ್ಡು ದೋಚಿದರು. ಎಷ್ಟು ಕುದಿದಳಂತೆ ಗೊತ್ತೇ? ಬೇರೆಯವರು ತಪ್ಪು ಮಾಡಿದಾಗ ಅವಳ ನೀತಿಪ್ರಜ್ಞೆ ತಟ್ಟನೆ ಎಚ್ಚರಗೊಳ್ಳುತ್ತದೆ.

ಪ್ರಶ್ನೆ: ಆಶ್ರಯ ಕೊಟ್ಟ ಡೆಸಿ ಕಾಲಿಂಗ್ಸ್‌ನನ್ನು ಕೊಂದರಲ್ಲ?

ಡೈರಿ: ಆಗ ನಾನು ಪೊಲೀಸರ ವಶದಲ್ಲಿದ್ದೆ. ಮುಂದಿನ ಪ್ರಶ್ನೆ ಕೇಳಿ.

ಪ್ರಶ್ನೆ: ಇಂಥ ನಾಯಕಿಯನ್ನು ಸೃಷ್ಟಿಸಿದ ಫ್ಲಿನ್ ಸ್ತ್ರೀದ್ವೇಷಿ ಎಂಬ ಟೀಕೆ ಬಂತು.

ಡೈರಿ: ಕೊಲೆಗಾರ ಗಂಡಸಾದರೆ ‘ಸಂಕೀರ್ಣ ಪಾತ್ರ’ ಎಂದು ಕೊಂಡಾಡುತ್ತೀರಿ. ಹೆಂಗಸಾದರೆ ಇಡೀ ಹೆಣ್ಣುಕುಲದ ವಕಾಲತ್ತು ಅವಳ ಹೆಗಲಿಗೆ ಹಾಕುತ್ತೀರಿ. ನಮ್ಮ ಯಜಮಾನಿ ಯಾವ ಮಹಿಳಾ ಸಮಾಜಕ್ಕೂ ಚಂದಾ ಕೊಟ್ಟವಳಲ್ಲ.

ಪ್ರಶ್ನೆ: ನಿಮ್ಮನ್ನೇ ಬೆಂಕಿಗೆ ಹಾಕಿದರು. ಬೇಸರವಿಲ್ಲವೇ?

ಡೈರಿ: ಯಜಮಾನಿಯ ಮಾವನ ಮನೆಯ ಫರ್ನೇಸಿನಲ್ಲಿ, ಪೊಲೀಸರು ಓದುವುದಕ್ಕೆ ಉಳಿಯುವಷ್ಟೇ ಸುಟ್ಟಿದ್ದು. ಬೇಸರ ಪಡಬೇಕಾದ್ದು ನಿಕ್‌ನ ಹಸ್ತಪ್ರತಿ. ನಡೆದದ್ದನ್ನೆಲ್ಲ ನಡೆದಂತೆ ಬರೆದಿದ್ದ ಪಾಪ. ಏಮಿ ಬಸುರಿ ಎಂದು ತಿಳಿದಾಗ ತಾನೇ ಅಳಿಸಿಹಾಕಿದ. ನಾನು ಇದ್ದೇನೆ. ಬೇಕಿದ್ದರೆ ಎರಡು ಪುಟ ಜೆರಾಕ್ಸ್ ಮಾಡಿಸಿಕೊಳ್ಳಿ, ಅಂಚು ಉದುರೀತು, ಹುಷಾರು.