ಒಂದ್ಸಲ ತೋರಿಸ್ತೀನಿ, ಕೊಡು

ಮದುವೆ ಮನೆಯಲ್ಲಿ ನೀವು ಅವರನ್ನು ನೋಡಿರುತ್ತೀರಿ. ಹೋಳಿಗೆ ಬಡಿಸುವ ಹುಡುಗನ ಕೈಯಿಂದ ತಟ್ಟೆ ಇಸಿದುಕೊಂಡು, “ಹಾಗಲ್ಲಪ್ಪ, ಒಂದ್ಸಲ ತೋರಿಸ್ತೀನಿ, ಕೊಡಿಲ್ಲಿ” ಎಂದು ಎರಡು ಪಂಕ್ತಿ ತಾವೇ ಬಡಿಸಿಬಿಡುತ್ತಾರೆ. ಗಾಳಿಪಟದ ದಾರ ಮಗುವಿನ ಕೈಗೆ ಬಂದ ಮರುಗಳಿಗೆಗೆ ಅವರ ಕೈಯಲ್ಲಿರುತ್ತದೆ. ಕೇರಂ ಬೋರ್ಡಿನ ಸುತ್ತ ನಾಲ್ಕು ಮಕ್ಕಳು ಕೂತಿದ್ದರೆ ಐದನೆಯವರಾಗಿ ಬಂದು, ರೆಡ್ ಹಾಕುವುದು ಹೇಗೆಂದು ತೋರಿಸಲು ಹೊರಟು, ಬೋರ್ಡು ಖಾಲಿಯಾಗುವ ತನಕ ತೋರಿಸುತ್ತಲೇ ಇರುತ್ತಾರೆ. ಈ ಪಂಗಡಕ್ಕೆ ಕನ್ನಡದಲ್ಲಿ ಒಂದು ಹೆಸರಿಲ್ಲದಿರುವುದು ನಮ್ಮ ನಿಘಂಟುಗಳ ಕೊರತೆ. ನಾನು ಇವರನ್ನು ‘ತೋರಿಸುವವರು’ ಎನ್ನುತ್ತೇನೆ. ಮನಸ್ಸಿನಲ್ಲಿ ಕೆಡುಕಿಲ್ಲದವರು. ಕೊಟ್ಟದ್ದು ವಾಪಸು ಬರುವುದಿಲ್ಲ, ಅಷ್ಟೇ.

ನನ್ನ ಪಾಲಿಗೆ ಬಂದ ತೋರಿಸುವವನು ನನ್ನ ಹೆಂಡತಿಯ ತಮ್ಮ. ಹುಟ್ಟೂರು ದಾವಣಗೆರೆ, ವಾಸ ಕ್ಯಾಲಿಫೋರ್ನಿಯಾದ ಫ್ರೀಮಾಂಟ್. 2013ರ ದಸರೆಗೆ ನಾನು, ನನ್ನ ಹೆಂಡತಿ, ನಮ್ಮ ಅತ್ತೆ ಮೂವರೂ ಅವನ ಮನೆಯಲ್ಲಿದ್ದೆವು. ಅತ್ತೆ ಪಟ್ಟದ ಗೊಂಬೆಗಳನ್ನು ಹಳೆ ಸೀರೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ತಂದಿದ್ದರು. ರಟ್ಟಿನ ಡಬ್ಬಗಳ ಮೇಲೆ ನನ್ನ ಬಿಳಿ ಪಂಚೆ ಹಾಸಿ ಮೂರು ಮೆಟ್ಟಿಲು ಮಾಡಿ, ರಾಜ ರಾಣಿಯರನ್ನು ಕೂರಿಸಿದ್ದರು. ಆ ವರ್ಷದ ಆಯುಧಪೂಜೆ ಅಕ್ಟೋಬರ್ 13, ಭಾನುವಾರ. ಅಮೆರಿಕದ ಅಂಗಡಿಗಳಿಗೆ ‘ಸ್ಕೈಲ್ಯಾಂಡರ್ಸ್: ಸ್ವಾಪ್ ಫೋರ್ಸ್’ ಎಂಬ ವಿಡಿಯೋ ಗೇಮು ಬಂದದ್ದೂ ಅವತ್ತೇ. ಕಂಪನಿಯವರು ಪಂಚಾಂಗ ನೋಡಿಯೇ ಇಟ್ಟ ಮುಹೂರ್ತವೇನೋ ಎಂಬಂತೆ ಭಾವಮೈದ ನಸುಕಿನಲ್ಲೇ ತಲೆಸ್ನಾನ ಮಾಡಿ, ಬಾಗಿಲು ತೆಗೆಯುವ ಹೊತ್ತಿಗೆ ಅಂಗಡಿಯ ಮುಂದೆ ನಿಂತಿದ್ದ.

“ಪುಟ್ಟನಿಗೆ, ಭಾವ” ಎಂದ, ಡಬ್ಬವನ್ನು ನನಗೆ ತೋರಿಸುತ್ತ. ಪುಟ್ಟನಿಗೆ ಆಗ ಆರು ವರ್ಷ. ಅವನು ಅಂಗಳದಲ್ಲಿ ಒಂದು ಕಡ್ಡಿಯಿಂದ ಇರುವೆಗಳಿಗೆ ದಾರಿ ಮಾಡಿಕೊಡುತ್ತಿದ್ದ.

ಬೆಲೆ 75 ಡಾಲರ್. ಅಮೆರಿಕಕ್ಕೆ ಹೋದ ಭಾರತೀಯನ ತಲೆಯಲ್ಲಿ ಒಂದು ಗುಣಾಕಾರದ ಗಿರಣಿ ಹಗಲೂ ರಾತ್ರಿ ಓಡುತ್ತಿರುತ್ತದಲ್ಲ, ನನ್ನದು ತಕ್ಷಣ ನಾಲ್ಕು ಸಾವಿರದ ಆರುನೂರು ರೂಪಾಯಿ ಎಂದು ಹೇಳಿತು. ನಾನು ಬಾಯಿ ಬಿಟ್ಟು ಹೇಳಲಿಲ್ಲ. ಮುಖ ಹೇಳಿರಬೇಕು. “ಗೇಮು, ಪೋರ್ಟಲ್, ಮೂರು ಗೊಂಬೆ, ಎಲ್ಲಾ ಸೇರಿ ಭಾವ” ಎಂದು ಅವನೇ ಸಮಾಧಾನ ಹೇಳಿದ.

ವಿಷಯ ಇಷ್ಟು. ಟಿವಿಗೆ ಎಕ್ಸ್‌ಬಾಕ್ಸ್ 360 ಎಂಬ ಗೇಮಿನ ಮೆಷಿನ್ ಇದೆ. ಅದಕ್ಕೆ ವೈರಿನಿಂದ ಒಂದು ದುಂಡನೆಯ ಪೀಠ ಸಿಕ್ಕಿಸಬೇಕು, ಇದೇ ಪೋರ್ಟಲ್. ಅತ್ತೆ ಮೊದಲ ನೋಟಕ್ಕೇ ಅದನ್ನು ‘ಮಣೆ’ ಎಂದರು, ಅದಕ್ಕಿಂತ ಒಳ್ಳೆಯ ಹೆಸರು ನನಗೆ ಈವರೆಗೆ ಸಿಕ್ಕಿಲ್ಲ. ಮಣೆಯ ಮೇಲೆ ಪ್ಲಾಸ್ಟಿಕ್ಕಿನ ಗೊಂಬೆಯನ್ನಿಟ್ಟರೆ ಮಣೆ ಬೆಳಗುತ್ತದೆ, ಗೊಂಬೆ ಟಿವಿಯೊಳಗೆ ಜೀವ ತಳೆದು ಘೋಷಣೆ ಕೂಗುತ್ತದೆ. ಎತ್ತಿದರೆ ಮಾಯ. ಗೊಂಬೆಯಲ್ಲಿ ಸೆಲ್ ಇಲ್ಲ. ಒಳಗೊಂದು ಚಿಪ್, ಅದಕ್ಕೆ ಬೇಕಾದ ಶಕ್ತಿ ಮಣೆಯಿಂದಲೇ. ಆಡಿದಷ್ಟೂ ಅದು ಗಳಿಸಿದ ಬಲ, ದುಡ್ಡು, ತಲೆಯ ಟೋಪಿ ಎಲ್ಲವೂ ಆ ಚಿಪ್ಪಿನಲ್ಲಿ ಉಳಿಯುತ್ತವೆ. ಗೆಳೆಯನ ಮನೆಗೆ ಜೇಬಿನಲ್ಲಿಟ್ಟುಕೊಂಡು ಹೋಗಿ ಅವನ ಮಣೆಯ ಮೇಲಿಟ್ಟರೆ, ಅವನದು ಬೇರೆ ಕಂಪನಿಯ ಮೆಷಿನ್ನಾದರೂ, ತನ್ನ ಗಳಿಕೆ ಸಮೇತ ಎದ್ದು ನಿಲ್ಲುತ್ತದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಸರಣಿ ಶುರುವಾದದ್ದು 2011ರಲ್ಲಿ. ಮೊದಲ ಆಟ ಮಾಡಿದ ‘ಟಾಯ್ಸ್ ಫಾರ್ ಬಾಬ್’ನವರ ಊರು ಆಗ ನೊವಾಟೊ, ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕೆ. ಗೋಲ್ಡನ್ ಗೇಟ್ ಸೇತುವೆ ತೋರಿಸಲು ನಮ್ಮನ್ನು ಕರೆದೊಯ್ದಾಗ ಭಾವಮೈದ ಸೇತುವೆ ತೋರಿಸಲಿಲ್ಲ. “ಅಲ್ಲೇ ಭಾವ, ಇನ್ನೊಂದಿಷ್ಟು ಮುಂದಕ್ಕೆ ಹೋದ್ರೆ” ಎಂದು, ರೈಲಿನ ಕಿಟಕಿಯಿಂದ ತಿರುಪತಿ ಬೆಟ್ಟ ಕಂಡವನ ಹಾಗೆ ಕಣ್ಣರಳಿಸಿದ. ಸ್ವಾಪ್ ಫೋರ್ಸನ್ನು ಅವರ ಬದಲು ನ್ಯೂಯಾರ್ಕ್ ರಾಜ್ಯದ ‘ವಿಕೇರಿಯಸ್ ವಿಷನ್ಸ್’ ಮಾಡಿದ್ದು ಅವನಿಗೆ ಮೊದಲು ಸ್ವಲ್ಪ ನೋವಾಗಿತ್ತಂತೆ. ಆಮೇಲೆ ಗೊಂಬೆ ನೋಡಿ ಕ್ಷಮಿಸಿದ.

ಈ ಸಲದ ಹೊಸತನವೆಂದರೆ ಗೊಂಬೆ ಸೊಂಟದಲ್ಲಿ ಎರಡು ಹೋಳಾಗುತ್ತದೆ. ನಡುವೆ ಅಯಸ್ಕಾಂತ. ಅಕ್ಟೋಪಸ್ ಕಾಲಿನ ಕಡಲ್ಗಳ್ಳ ‘ವಾಷ್ ಬಕ್ಲರ್’ನ ಮೇಲರ್ಧವನ್ನು ಬೆಂಕಿಯ ರಾಕೆಟ್ಟಿನ ‘ಬ್ಲಾಸ್ಟ್ ಜೋನ್’ನ ಕೆಳಗಿನರ್ಧಕ್ಕೆ ಕೂಡಿಸಿದರೆ ‘ವಾಷ್ ಜೋನ್’ ಎಂಬ ಮೂರನೆಯವನು ಹುಟ್ಟುತ್ತಾನೆ. ಇಂಥ ಗೊಂಬೆಗಳು ಹದಿನಾರು. ಹದಿನಾರು ಹದಿನಾರ್ಲೆ 256 ಅವತಾರ. ಈ ಲೆಕ್ಕವನ್ನು ಭಾವಮೈದ ಮನೆಯ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ, ತಾನೇ ಕಂಡುಹಿಡಿದವನ ಗಾಂಭೀರ್ಯದಲ್ಲಿ ಹೇಳಿದ. ಅತ್ತೆ ಮಾತ್ರ ಬೆರಗಾಗಲಿಲ್ಲ. “ನರಸಿಂಹನಿಗೆ ಮೇಲೆ ಸಿಂಹ, ಕೆಳಗೆ ಮನುಷ್ಯ. ಅವನಿಗೆ ಒಂದೇ ಸಾಕಾಗಿತ್ತು” ಎಂದು ಹೂಕಟ್ಟುವುದನ್ನು ಮುಂದುವರಿಸಿದರು.

ಪೂಜೆಗೆ ಕಾರು, ಲ್ಯಾಪ್‌ಟಾಪು, ಮಿಕ್ಸಿಗಳ ಜೊತೆ ಮಣೆ, ಗೊಂಬೆಗಳೂ ಬಂದವು. ಅತ್ತೆ ಎಲ್ಲಕ್ಕೂ ಒಂದೇ ನ್ಯಾಯದಲ್ಲಿ ಅರಿಸಿನ, ಕುಂಕುಮ, ಅಕ್ಷತೆ ಹಾಕಿದರು. ಕೆಟ್ಟದ್ದು ಇಲ್ಲೇ.

ಮಂಗಳಾರತಿ ಆದ ಕೂಡಲೇ ಭಾವಮೈದ ಪುಟ್ಟನನ್ನು ಎತ್ತಿಕೊಂಡು ಬಂದು ಸೋಫಾದಲ್ಲಿ ಕೂರಿಸಿ, ಕಂಟ್ರೋಲರ್ ಕೈಗಿಟ್ಟ. ಆ ದೃಶ್ಯ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ, ಏಕೆಂದರೆ ಅದು ಬಹಳ ಹೊತ್ತು ಇರಲಿಲ್ಲ. ಅಕ್ಟೋಪಸನ್ನು ಮಣೆಯ ಮೇಲಿಟ್ಟ. ಮೇಲಿನರ್ಧ ಗುಂಡು ಹಾಕಿದವನ ಹಾಗೆ ಪಕ್ಕಕ್ಕೆ ವಾಲಿ ಬಿತ್ತು. ಮತ್ತೆ ಕೂರಿಸಿದ, ಮತ್ತೆ ಬಿತ್ತು.

“ಅಪ್ಪಾ, ಅನ್ನ ಇದೆ” ಎಂದ ಪುಟ್ಟ.

“ಊಟ ಆಮೇಲೆ ಮರಿ. ಹಾಗಲ್ಲ ಹಿಡಿಯೋದು, ಕೊಡು, ಒಂದ್ಸಲ ತೋರಿಸ್ತೀನಿ.”

ಕಂಟ್ರೋಲರ್ ಹೋಯಿತು. ಮುಂದಿನ ಮುಕ್ಕಾಲು ಗಂಟೆ ನಮ್ಮ ಸಾಫ್ಟ್‌ವೇರ್ ಇಂಜಿನಿಯರು ಮಾಡಿದ್ದು: ವೈರು ಕಿತ್ತು ಮತ್ತೆ ಸಿಕ್ಕಿಸಿದ. ಮೆಷಿನ್ ಆರಿಸಿ ಹೊತ್ತಿಸಿದ. ಕನ್ನಡಕದ ಬಟ್ಟೆಯಿಂದ ಮಣೆ ಒರೆಸಿದ. ಪುಸ್ತಿಕೆಯನ್ನು ಇಂಗ್ಲಿಷಿನಲ್ಲಿ ಓದಿ, ಆಮೇಲೆ ಯಾವ ಆಸೆಯಿಂದಲೋ ಫ್ರೆಂಚಿನ ಪುಟವನ್ನೂ ತಿರುವಿದ. ಬೆಂಗಳೂರಿನ ಗೆಳೆಯನಿಗೆ ಫೋನು ಮಾಡಿದ, ಅಲ್ಲಿ ನಡುರಾತ್ರಿ. ನಡುನಡುವೆ ಪುಟ್ಟ “ಅಪ್ಪಾ, ಅನ್ನ” ಎನ್ನುತ್ತಲೇ ಇದ್ದ, ಇವನು “ಒಂದು ನಿಮಿಷ ಕಣೋ” ಎನ್ನುತ್ತಲೇ ಇದ್ದ. ಕೊನೆಗೆ ಅತ್ತೆ ಹತ್ತಿರ ಬಂದು ಕೂತು, ಗೊಂಬೆಯ ಸೊಂಟವನ್ನು ಬೆಳಕಿಗೆ ಹಿಡಿದು, ತಲೆಯಿಂದ ಒಂದು ಹೇರ್‌ಪಿನ್ ತೆಗೆದು, ಅಯಸ್ಕಾಂತದ ಗುಳಿಯಿಂದ ಒಂದು ಅಕ್ಷತೆ ಕಾಳು ಎಬ್ಬಿಸಿದರು. ಹಳದಿ ಬಣ್ಣದ, ಮುರಿಯದ, ಒಳ್ಳೆ ಸೋನಾ ಮಸೂರಿ.

“ಅದನ್ನೇ ನಾನು ಹುಡುಕ್ತಿದ್ದಿದ್ದು” ಎಂದ ಭಾವಮೈದ.

ಗೊಂಬೆ ಟಕ್ಕೆಂದು ಕೂತಿತು. ಮಣೆ ನೀಲಿಯಾಯಿತು, ಅಕ್ಟೋಪಸ್ ನೀರಿನ ಜಾತಿ, ಬೆಂಕಿಯವನನ್ನು ಇಟ್ಟರೆ ಬೆಳಕೇ ಬೇರೆ. ಟಿವಿಯಲ್ಲಿ ಅದು ಹೊಮ್ಮಿ ಬಂದಾಗ, ಸುಳ್ಳೇಕೆ, ನನ್ನ ಬಾಯಿಂದಲೂ ‘ಆಹಾ’ ಬಂತು. ಕೈಯಲ್ಲಿದ್ದದ್ದು ಅಲ್ಲಿ ಕುಣಿಯುವುದನ್ನು ನೋಡಿದ ಯಾರಿಗಾದರೂ ಬರುತ್ತದೆ. ಪುಟ್ಟ ಓಡಿಹೋಗಿ ಮೆಟ್ಟಿಲ ಮೇಲಿಂದ ಪಟ್ಟದ ರಾಣಿಯನ್ನು ತಂದು ಮಣೆಯ ಮೇಲೆ ಇಟ್ಟ. ಕಾದ. ರಾಣಿ ಕುಣಿಯಲಿಲ್ಲ.

“ಅಜ್ಜಿ, ನಿನ್ನ ಗೊಂಬೆಗೆ ಚಿಪ್ ಇಲ್ಲ.”

“ಅವಳಿಗೆ ನಿದ್ದೆ ಕಣೋ. ನಿದ್ದೆಯಲ್ಲೇ ಬೆಳೆಯೋದು, ಮಕ್ಕಳೂ ಅಷ್ಟೆ, ಗೊಂಬೆನೂ ಅಷ್ಟೆ” ಎಂದು ಅತ್ತೆ ರಾಣಿಯನ್ನು ಸೆರಗಿನಿಂದ ಒರೆಸಿ ವಾಪಸು ಕೂರಿಸಿದರು.

ಆಟದ ಬಗ್ಗೆ ಭಾವಮೈದನ ಮೊದಲ ಅಭಿಪ್ರಾಯಗಳನ್ನು ಅವನು ಬಾಯಿಂದಲೇ ಬಿತ್ತರಿಸುತ್ತಿದ್ದ, ಆಕಾಶವಾಣಿಯ ಕ್ರಿಕೆಟ್ ವೀಕ್ಷಕ ವಿವರಣೆಯಂತೆ. “ನೋಡಿದ್ರಾ ಭಾವ, ನೆಗೀತಾನೆ! ಹಿಂದಿನ ಎರಡು ಆಟದಲ್ಲಿ ನೆಗೆಯೋಕೇ ಆಗ್ತಿರಲಿಲ್ಲ.” ಎರಡು ವರ್ಷ ಇವನು ನೆಗೆಯಲಾರದ ಗೊಂಬೆಗಳ ಜೊತೆ ಕಾಲ ಕಳೆದಿದ್ದಾನೆ ಎಂಬುದು ನನಗೆ ಆಗಲೇ ಗೊತ್ತಾದದ್ದು. “ಕಥೆ ಹೆಂಗಿದೆ ಹೇಳಿ ಭಾವ?” ಕಥೆ ನಮಗೆ ಹೊಸದೇನಲ್ಲ. ಮೋಡದ ನಡುವಿನ ದ್ವೀಪಗಳು, ನೂರು ವರ್ಷಕ್ಕೊಮ್ಮೆ ಉಕ್ಕುವ ಮಾಯೆಯ ಜ್ವಾಲಾಮುಖಿ, ಅದರ ಮೇಲೆ ಕಣ್ಣಿಟ್ಟ ಕೇಯಾಸ್ ಎಂಬ ಬೋಳುತಲೆಯ ಕುಳ್ಳ ಖಳ. ಬೋಳುತಲೆಯವರನ್ನು ಖಳರನ್ನಾಗಿ ಮಾಡುವುದು ಎಲ್ಲ ದೇಶಗಳ ದುರಭ್ಯಾಸ. ನನ್ನ ಆಕ್ಷೇಪಣೆಯನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಅರ್ಧ ಗಂಟೆಯಾಗುವಷ್ಟರಲ್ಲಿ ಒಂದು ಬಾಗಿಲು ಎದುರಾಯಿತು. ಮುಚ್ಚಿತ್ತು. ತೆರೆಯಬೇಕಾದರೆ ನೆಲ ಅಗೆಯುವ ಗೊಂಬೆ ಬೇಕು. ಹತ್ತುವುದು, ಹಾರುವುದು, ಗಿರಗಿರ ಸುತ್ತುವುದು ಹೀಗೆ ಎಂಟು ಬಗೆಯ ಗೊಂಬೆಗಳು, ಎಂಟು ಬಗೆಯ ಬಾಗಿಲು. ಡಬ್ಬದಲ್ಲಿ ಬಂದಿರುವುದು ಎರಡೇ ಬಗೆ. ತಾಲ್ಲೂಕು ಕಚೇರಿಯಲ್ಲಿ ಪಹಣಿಗೆ ಅಲೆದವನಿಗೆ ಈ ಬಾಗಿಲಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ: ನಿಮ್ಮ ಕಾಗದ ಸರಿ ಇದೆ, ಆದರೆ ಆ ಕಾಗದ ತನ್ನಿ. ಕಥೆ ಪೂರಾ ಮುಗಿಸಲು ಬಂದ ಗೊಂಬೆಗಳೇ ಸಾಕು, ಬಾಗಿಲಾಚೆ ಇರುವುದು ಟೋಪಿ, ನಿಧಿ ಇಂಥ ಉಡುಗೊರೆ ಅಷ್ಟೇ. ಇದನ್ನು ನನಗೆ ಹೇಳಿದವನು ಭಾವಮೈದನೇ. ಹೇಳುತ್ತಲೇ ಕಾರಿನ ಕೀಲಿ ಹುಡುಕುತ್ತಿದ್ದ.

“ಪುಟ್ಟನಿಗೆ ಬೇಜಾರಾಗತ್ತೆ ಭಾವ.”

ಪುಟ್ಟ ಖಾಲಿ ಡಬ್ಬದೊಳಗೆ ಕೂತು ದೋಣಿ ನಡೆಸುತ್ತಿದ್ದ. ಅವನ ಅಪ್ಪ ಅದನ್ನು ಕಂಡು ಹೌಹಾರಿ, “ಡಬ್ಬ ಹಾಳಾಗತ್ತೆ ಇಳಿಯೋ” ಎಂದು ಎಬ್ಬಿಸಿ, ಮಡಿಕೆಗಳನ್ನು ಸವರಿ, ಬೀರುವಿನ ಮೇಲಿಟ್ಟು ಹೊರಟ. ಟೈರಿನಡಿ ಇಟ್ಟಿದ್ದ ನಿಂಬೆಹಣ್ಣುಗಳು ಚಿಲ್ಲೆಂದವು. ರಾತ್ರಿ ಎಂಟಕ್ಕೆ ಎರಡು ಗೊಂಬೆ, ತಲಾ 15 ಡಾಲರ್, ಬಂದವು. ಡಬ್ಬದೊಳಗಿನ ಪೋಸ್ಟರಿನಲ್ಲಿ ಅವುಗಳ ಚಿತ್ರದ ಮುಂದೆ ಪೆನ್ಸಿಲ್ಲಿನಿಂದ ಗುರುತು ಹಾಕಿದ. ಪೆನ್ನಿನಿಂದಲ್ಲ.

ಇಂಥ ಗೊಂಬೆಗಳಿಗೆ ಆಗ ಸುಗ್ಗಿ. ಅದೇ ಆಗಸ್ಟಿನಲ್ಲಿ ಡಿಸ್ನಿಯವರೂ ‘ಇನ್ಫಿನಿಟಿ’ ಎಂದು ಶುರುಮಾಡಿದ್ದರು. ಅಲ್ಲಿ ಕಥೆಯ ಆಟಕ್ಕೆ ಕೂತರೆ ಒಂದು ಸಿನಿಮಾದ ಗೊಂಬೆ ಇನ್ನೊಂದು ಸಿನಿಮಾದ ಅಂಗಳಕ್ಕೆ ಕಾಲಿಡುವಂತಿರಲಿಲ್ಲ, ಒಳ್ಳೆ ಮಡಿ. 2016ರಲ್ಲಿ ಡಿಸ್ನಿ ಆ ಅಂಗಡಿ ಮುಚ್ಚಿತು, ಸ್ಕೈಲ್ಯಾಂಡರ್ಸಿನ ಕೊನೆಯ ದೊಡ್ಡ ಆಟ ಬಂದದ್ದೂ ಅದೇ ವರ್ಷ. ಭಾವಮೈದನ ಗ್ಯಾರೇಜಿನಲ್ಲಿ ಈಗಲೂ ಎರಡು ಡಬ್ಬ ಗೊಂಬೆಗಳಿವೆ. ಸೆಲ್ ಇಲ್ಲದ್ದರಿಂದ ಇಳಿಯಲು ಏನೂ ಇಲ್ಲ, ಟೋಪಿ ಹಾಕಿಕೊಂಡು ಕೂತಿವೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಊರಿನ ಗಡಿಯಾರ ಇನ್ನೂ ಮೈಯಿಂದ ಇಳಿದಿರಲಿಲ್ಲ. ಎರಡು ಗಂಟೆಗೆ ನೀರು ಕುಡಿಯಲು ಎದ್ದರೆ ಹಾಲಿನಲ್ಲಿ ನೀಲಿ ಬೆಳಕು. ಭಾವಮೈದ ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ, ಟಿವಿಯ ದನಿ ತಗ್ಗಿಸಿ, ಆಡುತ್ತಿದ್ದ. ಬೈಯಬೇಕೆಂದುಕೊಂಡೆ. ಅವನು ತಿರುಗಿ ನೋಡದೆ ಎರಡನೆಯ ಕಂಟ್ರೋಲರ್ ಚಾಚಿದ. ಕೂತೆ.

ಇಬ್ಬರು ಆಡುವಾಗ ಇಬ್ಬರೂ ಒಂದೇ ಪರದೆಯೊಳಗಿರಬೇಕು. ಒಬ್ಬ ದೂರ ಹೋಗುವ ಹಾಗಿಲ್ಲ. ನಾನು ನೆಗೆಯುವ ಗುಂಡಿಯನ್ನೇ ಒತ್ತುತ್ತ ನಿಂತಲ್ಲೇ ನೆಗೆಯುತ್ತಿದ್ದೆ, ಅವನು ಜಾತ್ರೆಯಲ್ಲಿ ಹಟ ಮಾಡುವ ಮಗುವಿಗೆ ಕಾದ ಹಾಗೆ ಕಾದ. ಒಂದು ಸಲವೂ “ಕೊಡಿ, ತೋರಿಸ್ತೀನಿ” ಎನ್ನಲಿಲ್ಲ. ನನಗೇ ಆಶ್ಚರ್ಯವಾಗಿ, “ಏನಯ್ಯಾ, ಇವತ್ತು ಕಿತ್ಕೊಳ್ಳಲಿಲ್ಲ?” ಎಂದೆ.

“ನೆನಪಿದೆಯಾ ಭಾವ” ಎಂದ, ಕಣ್ಣು ಟಿವಿಯ ಮೇಲೇ. “ನೀವು ಅಕ್ಕನ್ನ ನೋಡೋಕೆ ಬಂದಾಗ ಶೋಕೇಸಿನಲ್ಲಿ ಒಂದು ಕೆಂಪು ಕಾರಿತ್ತು. ಚಿಕ್ಕಪ್ಪ ಬೊಂಬಾಯಿಂದ ತಂದಿದ್ದು. ಬ್ಯಾಟರಿದು.”

ನೆನಪಾಯಿತು. ದಾವಣಗೆರೆಯ ಆ ಹಾಲು, ಕೇಸರಿಬಾತಿನ ತಟ್ಟೆ, ಬೀಗ ಹಾಕಿದ ಗಾಜಿನ ಕಪಾಟು. ಹಾಳುಮಾಡುತ್ತಾನೆಂದು ಒಳಗಿಟ್ಟಿದ್ದೇವೆ ಎಂದು ಅತ್ತೆ ಹೇಳಿದ್ದರು. ಗಾಜಿಗೆ ಮೂಗು ಒತ್ತಿಕೊಂಡು ಒಬ್ಬ ಹತ್ತು ವರ್ಷದ ಹುಡುಗ, “ಅದ್ರ ಲೈಟು ಹತ್ತತ್ತೆ” ಎಂದಿದ್ದ.

“ನೀವು ತೆಗೆಸಿ ಅಂದ್ರಿ. ಗಂಡಿನ ಕಡೆಯವರಲ್ವಾ, ಅಮ್ಮ ತಕ್ಷಣ ಬೀಗ ತೆಗೆದ್ರು. ನಾನು ಕೈ ಚಾಚಿದೆ. ನೀವು, ಇರು, ಒಂದ್ಸಲ ತೋರಿಸ್ತೀನಿ ಅಂದ್ರಿ.”

“ಆಮೇಲೆ?”

“ಹಾಲೆಲ್ಲ ಓಡಿಸಿದ್ರಿ. ಸೆಲ್ ಖಾಲಿ ಆಯ್ತು. ಅಮ್ಮ ವಾಪಸು ಇಟ್ಟುಬಿಟ್ರು.” ಪರದೆಯಲ್ಲಿ ಅವನ ಅಕ್ಟೋಪಸ್ ಒಂದು ಪೆಟ್ಟಿಗೆ ಒಡೆಯಿತು, ಒಳಗಿಂದ ಟೋಪಿ ಬಂತು. “ಹಾಕ್ಲಾ ಭಾವ? ಚೆನ್ನಾಗಿದೆ.”

“ಹಾಕು” ಎಂದೆ.

ಬೆಳಿಗ್ಗೆ ನಾನು ದಿನಪತ್ರಿಕೆಯ ಹಿಂದೆ ಕೂತಿದ್ದೆ. ಭಾವಮೈದ ಅಡುಗೆಮನೆಯಲ್ಲಿ ಅಗತ್ಯಕ್ಕಿಂತ ಹೆಚ್ಚು ಹೊತ್ತು ಕಾಫಿ ಬೆರೆಸುತ್ತಿದ್ದ. ಪುಟ್ಟ ಎದ್ದು ಬಂದವನೇ ಕಣ್ಣುಜ್ಜಿಕೊಳ್ಳುತ್ತ ಅಕ್ಟೋಪಸನ್ನು ಮಣೆಯ ಮೇಲಿಟ್ಟ. ನಿನ್ನೆ ಅವನು ಆಡಿದ್ದು ಹೆಚ್ಚೆಂದರೆ ಏಳು ನಿಮಿಷ. ಟಿವಿಯಲ್ಲಿ ಅದು ಹೊಮ್ಮಿ ಬಂತು, ತಲೆಯ ಮೇಲೆ ಟೋಪಿ, ಪಕ್ಕದಲ್ಲಿ ದೊಡ್ಡದಾಗಿ ಆರನೆಯ ಮಟ್ಟ ಎಂಬ ಅಂಕಿ.

ಪುಟ್ಟ ಟಿವಿ ನೋಡಿದ. ಅಡುಗೆಮನೆ ನೋಡಿದ. ನನ್ನ ಪೇಪರನ್ನು ಒಂದು ಬೆರಳಿನಿಂದ ಕೆಳಗಿಳಿಸಿದ.

“ಮಾವ, ಇವನು ಹೆಂಗೆ ದೊಡ್ಡವನಾದ?”

“ರಾತ್ರಿ ಮಲಗಿದ್ನಲ್ಲ” ಎಂದೆ. “ಅಜ್ಜಿ ಹೇಳಿಲ್ವಾ, ನಿದ್ದೆಯಲ್ಲೇ ಬೆಳೆಯೋದು ಅಂತ.”

ಅವನು ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಕಂಟ್ರೋಲರ್ ತಂದು ನನ್ನ ತೊಡೆಯ ಮೇಲಿಟ್ಟು, “ಟೋಪಿ ತೆಗೆಯೋದು ಹೆಂಗೆ ತೋರಿಸು” ಎಂದ.