ಫ್ರಾನ್ಸಿನಲ್ಲೊಂದು ಪಾರ್ಟಿಷನ್

ನಾನು ಫ್ರಾನ್ಸಿನಲ್ಲಿದ್ದೇನೆ ಎಂದು ಅಮ್ಮ ಊರಿಗೆಲ್ಲ ಹೇಳಿಬಿಟ್ಟಿದ್ದಾಳೆ. ತಪ್ಪು ಅವಳದಲ್ಲ. ವಿಳಾಸ ಕೇಳಿದಾಗ ‘ಫ್ರಾನ್ಸ್ ಕ್ಲಸ್ಟರ್, ಇಂಟರ್‌ನ್ಯಾಷನಲ್ ಸಿಟಿ, ದುಬೈ’ ಎಂದಿದ್ದೆ. ಅವಳು ಮೊದಲ ಪದವನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟಳು. ಅಲ್ ವರ್ಸಾನ್‌ನಲ್ಲಿ ನಖೀಲ್ ಕಂಪನಿ ಕಟ್ಟಿದ ಈ ಬಡಾವಣೆಯಲ್ಲಿ ಹತ್ತು ದೇಶಗಳಿವೆ. ಚೀನಾ, ಇಂಗ್ಲೆಂಡ್, ಗ್ರೀಸ್, ಇಟಲಿ, ಸ್ಪೇನ್, ಮೊರಾಕೊ, ಪರ್ಷಿಯಾ, ರಷ್ಯಾ, ಎಮಿರೇಟ್ಸ್, ಮತ್ತೆ ನಮ್ಮ ಫ್ರಾನ್ಸ್. ನಾನು ಫ್ರಾನ್ಸಿನಲ್ಲಿ ಮಲಗುತ್ತೇನೆ, ಪರ್ಷಿಯಾದಲ್ಲಿ ಕ್ಷೌರ ಮಾಡಿಸುತ್ತೇನೆ, ದೋಸೆಹಿಟ್ಟಿನ ಪ್ಯಾಕೆಟ್ಟಿಗೆ ಇಂಗ್ಲೆಂಡಿಗೆ ಹೋಗುತ್ತೇನೆ. ವೀಸಾ ಬೇಡ. ವಾಪಸ್ ಬಂದಾಗ ಕಾರು ನಿಲ್ಲಿಸಲು ಜಾಗ ಸಿಗುವುದಷ್ಟೇ ವೀಸಾಕ್ಕಿಂತ ಕಷ್ಟ.

ವೃತ್ತಿಯಲ್ಲಿ ನಾನು ಐಟಿಯವನು. ಒಂದು ಟ್ರೇಡಿಂಗ್ ಕಂಪನಿಯ ಸರ್ವರ್, ಪ್ರಿಂಟರ್, ವೈಫೈ, ಸಿಸಿಟಿವಿ, ಒಮ್ಮೊಮ್ಮೆ ಮೈಕ್ರೋವೇವ್, ಎಲ್ಲವೂ ನನ್ನ ಕೊರಳಿಗೇ. ಪಾರ್ಟಿಷನ್ ಎಂದರೆ ಹಾರ್ಡ್ ಡಿಸ್ಕಿನದು ಎಂದುಕೊಂಡು ಈ ಊರಿಗೆ ಬಂದವನು. ಬಂದಿಳಿದ ವಾರವೇ ಲಿಫ್ಟಿನ ಪಕ್ಕ ಅಂಟಿಸಿದ್ದ ಚೀಟಿ ಓದಿದೆ: ‘ಪಾರ್ಟಿಷನ್ ಅವೈಲೆಬಲ್, ಎಕ್ಸಿಕ್ಯುಟಿವ್ ಬ್ಯಾಚುಲರ್, ವಿತ್ ವಿಂಡೋ’. ಇದೆಂಥ ಊರಪ್ಪ, ಡಿಸ್ಕನ್ನೂ ಬಾಡಿಗೆಗೆ ಕೊಡುತ್ತಾರೆ, ಅದೂ ವಿಂಡೋಸ್ ಸಮೇತ ಎಂದುಕೊಂಡೆ. ಹೋಗಿ ನೋಡಿದರೆ ಹಾಲ್‌ಗೆ ಅಡ್ಡಲಾಗಿ ಜಿಪ್ಸಮ್ ಬೋರ್ಡ್ ನಿಲ್ಲಿಸಿ ಮಾಡಿದ ಮೂರು ಗೂಡುಗಳು. ಕಿಟಕಿ ಸಿಕ್ಕವನಿಗೆ ಬಾಡಿಗೆ ಹೆಚ್ಚು. ನನಗೆ ಸಿಕ್ಕದ್ದು ನಡುವಿನದು. ಮಂಚದ ಮೇಲೆ ಕೂತರೆ ಮೊಣಕಾಲು ಎದುರಿನ ಗೋಡೆಗೆ ತಾಗುತ್ತಿತ್ತು. ಎಸಿ ಒಂದೇ ಆದ್ದರಿಂದ ಬೋರ್ಡನ್ನು ಮೇಲಿನವರೆಗೆ ಎತ್ತಿರಲಿಲ್ಲ. ಹಾಗಾಗಿ ತಂಪಿನ ಜತೆಗೆ ಎಡಗಡೆಯವನ ಗೊರಕೆ, ಬಲಗಡೆಯವನ ಒಣಮೀನಿನ ವಾಸನೆ, ಇಬ್ಬರ ಫೋನಿನ ಸಂಸಾರವೂ ಸಮಪಾಲಾಗಿ ಒಳಗೆ ಬರುತ್ತಿದ್ದವು. ಇಂಥ ಗೋಡೆಗಳಿಗೆ ಪರವಾನಗಿ ಇರುವುದಿಲ್ಲ. ಬೆಂಕಿ ಬಿದ್ದರೆ ಓಡಲು ದಾರಿಯೂ ಇರುವುದಿಲ್ಲ. 2025ರ ಜೂನ್‌ನಲ್ಲಿ ದುಬೈ ಮುನಿಸಿಪಾಲಿಟಿಯವರು ರಿಗ್ಗಾ, ಸತ್ವಾ, ಬರ್ಷಾ ಕಡೆ ಇವುಗಳ ಬೆನ್ನು ಹತ್ತಿದಾಗ, ಆ ಗೂಡಿನಲ್ಲಿ ಎಷ್ಟು ಸಲ ಸೊಳ್ಳೆಬತ್ತಿ ಹಚ್ಚಿ ಮಲಗಿದ್ದೆ ಎಂದು ಲೆಕ್ಕ ಹಾಕಿ ತಡವಾಗಿ ಬೆವರಿದೆ.

ಮದುವೆಯಾದ ಮೇಲೆ ಒಂದು ಬೆಡ್‌ರೂಮಿನ ಮನೆ ಹಿಡಿದೆವು. ಹಾಲ್‌ಗೂ ಬಾಲ್ಕನಿಗೂ ನಡುವೆ, ಸರಿಯಾಗಿ ಓಡಾಡುವಲ್ಲಿ, ಖಾಲಿ ಪೆಟ್ಟಿಗೆಗಳ ಒಂದು ಗೋಪುರ ಇದೆ. ಟಿವಿಯದು ಥರ್ಮಾಕೋಲ್ ಸಮೇತ, ಮಿಕ್ಸಿಯದು, ಓವನ್ನಿನದು. ಕೆಳಗೆ ಎರಡು ದೊಡ್ಡ ಸೂಟ್‌ಕೇಸು. ಗಲ್ಫ್ ಮನೆಗಳಿಗೆ ಹೋಗಿ ಬಂದವರಿಗೆ ಇದನ್ನು ವಿವರಿಸಬೇಕಿಲ್ಲ. ‘ಊರಿಗೆ ವಾಪಸ್ ಹೋಗುವಾಗ ಬೇಕಾಗ್ತವೆ.’ ಯಾವಾಗ ಹೋಗುತ್ತೇವೆ? ಗೊತ್ತಿಲ್ಲ. ಟಿವಿ ಕೆಟ್ಟು ಎರಡು ವರ್ಷವಾಯಿತು, ಅದರ ಪೆಟ್ಟಿಗೆ ಮಾತ್ರ ಹೊಸದರಂತಿದೆ.

ಈ ಸಲ ಅಮ್ಮನೇ ಫ್ರಾನ್ಸ್ ನೋಡಲು ಹೊರಟಿದ್ದಳು. ಹಾಲ್‌ನಲ್ಲಿ ಅವಳಿಗೊಂದು ಮಂಚ ಹಾಕಬೇಕು. ‘ರೀ, ಭಾನುವಾರದೊಳಗೆ ಆ ಪೆಟ್ಟಿಗೆಗಳಿಗೊಂದು ಗತಿ ಕಾಣಿಸಿ’ ಎಂದು ಹೆಂಡತಿ ಹೇಳಿದ್ದು ಗುರುವಾರ ಬೆಳಿಗ್ಗೆ. ಹೂಂ ಎನ್ನುವಷ್ಟರಲ್ಲಿ ಫೋನು ಬಂತು.

‘ಎಂತ ಮಾರಾಯಾ, ಟ್ಯಾಲಿ ಸೇವ್ ಆಗುದಿಲ್ಲ. ಜಾಗ ಇಲ್ಲಾಂತ ಬರ್ತದೆ.’

ನಮ್ಮ ಅಕೌಂಟ್ಸಿನ ಹಿರಿಯರು. ಮಂಜೇಶ್ವರದ ಕಡೆಯವರು, ಕಂಪನಿ ಶುರುವಾದಾಗಿನಿಂದ ಇದ್ದವರು. ‘ಏನಾದ್ರೂ ಹೊಸದಾಗಿ ಹಾಕಿದ್ರಾ?’ ಎಂದೆ. ‘ನಾನೆಂತದೂ ಮಾಡ್ಲಿಲ್ಲ’ ಎಂದರು. ಸರ್ವರ್ ಕೆಟ್ಟಾಗ ಜಗತ್ತಿನ ಎಲ್ಲ ಭಾಷೆಗಳಲ್ಲೂ ಬರುವ ಮೊದಲ ವಾಕ್ಯ ಇದೇ.

ನೋಡಿದರೆ ಸಿ ಡ್ರೈವಿನ ಪಟ್ಟಿ ಪೂರ್ತಿ ಕೆಂಪು. 80 ಜಿಬಿಯಲ್ಲಿ ಉಳಿದದ್ದು 200 ಎಂಬಿ. ಸಿ ಅಂದರೆ ಯಂತ್ರದ ಅಡುಗೆಮನೆ. ಅದು ತುಂಬಿದರೆ ಒಲೆ ಹಚ್ಚಲೂ ಜಾಗವಿರುವುದಿಲ್ಲ. ಎ ಮತ್ತು ಬಿ ಫ್ಲಾಪಿಗಳಿಗೆ ಹೋದದ್ದರಿಂದ ಹಾರ್ಡ್ ಡಿಸ್ಕಿಗೆ ಸಿ ಬಂತು. 1983ರ ಐಬಿಎಂ ಪಿಸಿ ಎಕ್ಸ್‌ಟಿಯಲ್ಲಿ ಅದು ಬರೀ 10 ಎಂಬಿ. ನಮ್ಮ ಹಿರಿಯರ ಮೊಮ್ಮಗಳ ನಾಮಕರಣದ ಎರಡು ಫೋಟೋಗೆ ಸಾಲುತ್ತಿರಲಿಲ್ಲ. ಈ ಮಾತು ಸುಮ್ಮನೆ ಹೇಳಿದ್ದಲ್ಲ. ಅವರು ಕೆಲಸ ಮಾಡುವುದು ದೂರದಿಂದ ಸರ್ವರಿಗೇ ಲಾಗಿನ್ ಆಗಿ, ಹಾಗಾಗಿ ಅವರ ಡೆಸ್ಕ್‌ಟಾಪ್ ಇರುವುದು ಸರ್ವರಿನ ಸಿ-ಯಲ್ಲೇ. ಅಲ್ಲಿ ‘ನ್ಯೂ’, ‘ನ್ಯೂ ನ್ಯೂ’, ‘ಫೈನಲ್’, ‘ಫೈನಲ್ ಇದು’ ಎಂಬ ಫೋಲ್ಡರುಗಳು, ನಡುವೆ ನಾಮಕರಣ.

‘ಇದರಲ್ಲಿ ಬೇಡದ್ದು ಯಾವುದು?’

‘ಇದ್ದದ್ದೆಲ್ಲ ಬೇಕಾದ್ದೇ. ವ್ಯಾಟ್‌ನವರು ಕೇಳಿದರೆ ಎಂತ ಕೊಡುದು?’

2018ರ ಜನವರಿಯಲ್ಲಿ ಇಲ್ಲಿ ಶೇಕಡಾ 5 ವ್ಯಾಟ್ ಬಂತು. ದಾಖಲೆಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕೆಂಬ ನಿಯಮವೂ ಬಂತು. ಅಂದಿನಿಂದ ಅವರು ಏನನ್ನೂ ಅಳಿಸಿಲ್ಲ. ನಾಮಕರಣವೂ ಆ ನಿಯಮದ ರಕ್ಷಣೆಯಲ್ಲೇ ಇದೆ.

ಮೊದಲು ಗುಡಿಸಿದೆ. ವೆಬ್ ಸೇವೆಯ ಹಳೇ ಲಾಗ್‌ಗಳು, ಟೆಂಪ್ ಕಸ, ಬುಟ್ಟಿಯಲ್ಲಿ ಮರೆತದ್ದು ಎಲ್ಲ ಸೇರಿ 4 ಜಿಬಿ. ವಿನ್‌ಎಸ್‌ಎಕ್ಸ್‌ಎಸ್ ಎಂಬ ದೈತ್ಯ ಫೋಲ್ಡರ್ ಕಂಡು ಕೈ ಕೆರೆಯುತ್ತದೆ, ಆದರೆ ಅದನ್ನು ಕೈಯಿಂದ ಅಳಿಸಬಾರದು. ಅದರಲ್ಲಿರುವ ಬಹಳಷ್ಟು ಕಡತಗಳು ವ್ಯವಸ್ಥೆಯ ಉಳಿದ ಕಡತಗಳಿಗೇ ಇನ್ನೊಂದು ಹೆಸರು. ಜಾಗ ತೋರಿಸುವಷ್ಟು ತಿಂದಿರುವುದಿಲ್ಲ, ಅಳಿಸಿದರೆ ಮನೆಯೇ ಕುಸಿಯುತ್ತದೆ. ಡಿಸ್ಮ್ ಎಂಬ ಅದರದೇ ಪೊರಕೆಯಿಂದ ಗುಡಿಸಿದಾಗ ಮತ್ತೆ 2 ಜಿಬಿ. ವಾರ ತಳ್ಳಬಹುದು, ತಿಂಗಳಲ್ಲ. ಹಿಗ್ಗಿಸಲೇಬೇಕು.

ಹಿಂದೆ ಶುಕ್ರವಾರ ರಜೆ ಇದ್ದಾಗ ಇಂಥ ಕೆಲಸ ಗುರುವಾರ ರಾತ್ರಿ ಮಾಡುತ್ತಿದ್ದೆವು. 2022ರಲ್ಲಿ ವಾರದ ರಜೆ ಶನಿವಾರ-ಭಾನುವಾರಕ್ಕೆ ಸರಿದ ಮೇಲೆ ಸರ್ವರ್‌ಗಳೂ ಶನಿವಾರ ರಾತ್ರಿ ಆಸ್ಪತ್ರೆ ಸೇರುತ್ತವೆ. ಅಂದರೆ ಅಮ್ಮ ಬರುವ ಹಿಂದಿನ ರಾತ್ರಿ. ಮನೆಯಲ್ಲಿ ಇದನ್ನು ಹೇಳಿದಾಗ ಹೆಂಡತಿ ಏನೂ ಅನ್ನಲಿಲ್ಲ. ಪೆಟ್ಟಿಗೆಗಳ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

ಶುಕ್ರವಾರವಿಡೀ ಬ್ಯಾಕಪ್ಪಿನದೇ ಕೆಲಸ. ತೆಗೆದರೆ ಸಾಲದು, ಅದು ಮರಳಿ ಏಳುತ್ತದೆಯೇ ಎಂದು ನೋಡಬೇಕು. ಬೇರೊಂದು ಯಂತ್ರದಲ್ಲಿ, ನೆಟ್‌ವರ್ಕ್ ಕಿತ್ತು, ಎಬ್ಬಿಸಿ ನೋಡಿದೆ. ಎದ್ದಿತು, ಟ್ಯಾಲಿ ತೆರೆಯಿತು, ನಾಮಕರಣದ ಮಗು ನಕ್ಕಿತು. ‘ಸ್ನ್ಯಾಪ್‌ಶಾಟ್ ಉಂಟಲ್ಲ, ಬ್ಯಾಕಪ್ ಎಂತಕ್ಕೆ?’ ಎಂದು ಆಫೀಸಿನಲ್ಲೊಬ್ಬರು ಕೇಳಿದರು. ಸ್ನ್ಯಾಪ್‌ಶಾಟ್, ಅಂದರೆ ಆ ಗಳಿಗೆಯ ಸ್ಥಿತಿಯ ಗುರುತು, ಇರುವುದು ಅದೇ ಡಿಸ್ಕಿನಲ್ಲಿ. ಮನೆ ಬೀಗದ ಇನ್ನೊಂದು ಕೈಯನ್ನು ಮನೆಯೊಳಗೇ ಇಟ್ಟ ಹಾಗೆ. ಅದೂ ಅಲ್ಲದೆ ನಮ್ಮ ಸರ್ವರ್ ವರ್ಚುವಲ್ ಯಂತ್ರ, ಸ್ನ್ಯಾಪ್‌ಶಾಟ್ ಇದ್ದರೆ ಅದರ ಡಿಸ್ಕ್ ಹಿಗ್ಗುವುದೇ ಇಲ್ಲ. ನಮ್ಮದರಲ್ಲಿ ಯಾರೋ ಎಂಟು ತಿಂಗಳ ಹಿಂದೆ ‘ಟೆಸ್ಟ್’ ಎಂದು ಹೆಸರಿಟ್ಟು ಮರೆತದ್ದು ಒಂದಿತ್ತು. ಯಾರೋ ಅಂದರೆ ನಾನೇ.

ಶನಿವಾರ ರಾತ್ರಿ ಹತ್ತಕ್ಕೆ ಆ ಸ್ನ್ಯಾಪ್‌ಶಾಟನ್ನು ಕರಗಿಸಿ ಡಿಸ್ಕನ್ನು 80ರಿಂದ 150 ಜಿಬಿಗೆ ಎಳೆದೆ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಬಲತುದಿಯಲ್ಲಿ ಕಪ್ಪು ಪಟ್ಟಿಯ 70 ಜಿಬಿ, ಯಾರಿಗೂ ಸೇರದ ಜಾಗ. ಸಿ ಮೇಲೆ ಬಲಗುಂಡಿ ಒತ್ತಿದೆ. ‘ಎಕ್ಸ್‌ಟೆಂಡ್ ವಾಲ್ಯೂಮ್’ ಬೂದಿ ಬಳಿದುಕೊಂಡು ಕೂತಿತ್ತು. ಸಿ-ಗೂ ಆ ಜಾಗಕ್ಕೂ ನಡುವೆ ಬೆರಳಗಲದ ಇನ್ನೊಂದು ಪಾರ್ಟಿಷನ್. ರಿಕವರಿ. 500 ಎಂಬಿ.

ಇದು ನನಗೆ ಹೊಸದಲ್ಲ. ಸಾಗರದ ಹತ್ತಿರ ನಮ್ಮ ತೋಟದಾಚೆ ಎರಡು ಎಕರೆ ಮಾರಾಟಕ್ಕೆ ಬಂದಾಗ ಅಪ್ಪ ಸಾಲ ಮಾಡಿ ಕೊಂಡ. ನಡುವೆ ಹಿಸ್ಸೆಯಲ್ಲಿ ದೊಡ್ಡಪ್ಪನಿಗೆ ಹೋದ ಎಂಟು ಗುಂಟೆ. ದೊಡ್ಡಪ್ಪ ಅದರಲ್ಲಿ ಏನೂ ಬೆಳೆಯಲಿಲ್ಲ, ಮಾರಲೂ ಇಲ್ಲ, ದಾರಿಯನ್ನೂ ಕೊಡಲಿಲ್ಲ. ಅಡಿಕೆ ಗೊನೆ ಹೊತ್ತ ಆಳುಗಳು ಮೂರು ತೋಟ ಸುತ್ತಿ ಬರುತ್ತಿದ್ದರು. ವಿಂಡೋಸಿನ ಕಾನೂನೂ ಅದೇ: ಒತ್ತಿನ ಜಾಗ ಮಾತ್ರ ಸೇರುತ್ತದೆ, ಅದೂ ಬಲಗಡೆಯದು. 2003ರ ಸರ್ವರ್ ಕಾಲದಲ್ಲಾದರೆ ಪಾರ್ಟಿಷನ್ ತಿದ್ದುವ ಡಿಸ್ಕ್‌ಪಾರ್ಟ್ ಎಂಬ ಸಾಧನ ಸಿ-ಯನ್ನು ಮುಟ್ಟಲೂ ಒಪ್ಪುತ್ತಿರಲಿಲ್ಲ. 2008ರಿಂದ ಅಷ್ಟು ಸಡಿಲವಾಗಿದೆ.

ಅಳಿಸಿದರಾಯಿತಲ್ಲ ಎನ್ನಬಹುದು. ರಿಕವರಿ ಯಾವತ್ತೂ ಬಳಕೆಗೆ ಬಾರದ್ದು ನಿಜ. ಆದರೆ ವಿಂಡೋಸ್ ಏಳಲಾರೆ ಎಂದು ಮಲಗಿದ ದಿನ ಮೊದಲು ಕೈಹಿಡಿಯುವುದು ಅದೇ. ಕಿರಿದಾದರೂ ಕಷ್ಟ. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಕಳಿಸಿದ ಒಂದು ಸುರಕ್ಷತಾ ಅಪ್‌ಡೇಟ್ ರಿಕವರಿಯಲ್ಲಿ ಜಾಗ ಸಾಲದೆ ಎಷ್ಟೋ ಯಂತ್ರಗಳಲ್ಲಿ 0ಎಕ್ಸ್80070643 ಎಂದು ಬೈದು ನಿಂತಿತು. ಅದನ್ನು 250 ಎಂಬಿ ಹಿಗ್ಗಿಸಿಕೊಳ್ಳಿ ಎಂದು ಅವರೇ ಹೇಳಿದರು. ಅವತ್ತು ಮಾಡದೆ ಬಿಟ್ಟವರಲ್ಲಿ ನಾನೂ ಒಬ್ಬ.

ದಾರಿ ಒಂದೇ. ಎತ್ತಿ ತುದಿಗೆ ಇಡುವುದು. ‘ರಿಏಜೆಂಟ್‌ಸಿ ಡಿಸೇಬಲ್’ ಎಂದರೆ ರಿಕವರಿಯ ಜೀವ, ವಿನ್‌ಆರ್‌ಇ ಎಂಬ ಕಡತ, ಸಿ-ಯೊಳಕ್ಕೆ ಬಂದು ಕೂರುತ್ತದೆ. ಬಂತೋ ಇಲ್ಲವೋ ಕಣ್ಣಾರೆ ನೋಡಿಯೇ ಮುಂದಿನ ಹೆಜ್ಜೆ. ಆಮೇಲೆ ಡಿಸ್ಕ್‌ಪಾರ್ಟ್. ಕಪ್ಪು ಪರದೆ, ಬಿಳಿ ಅಕ್ಷರ. ಒಂದು ಫೋಟೋ ಅಳಿಸಿದರೆ ‘ಖಚಿತವೇ?’ ಎಂದು ಕೇಳುವ ಕಂಪ್ಯೂಟರು, ಇಲ್ಲಿ ಇಡೀ ಪಾರ್ಟಿಷನ್ ಅಳಿಸು ಎಂದರೂ ಏನೂ ಕೇಳುವುದಿಲ್ಲ. ಡಿಸ್ಕ್ ಸೊನ್ನೆಯೋ ಒಂದೋ, ಪಾರ್ಟಿಷನ್ ಮೂರೋ ನಾಲ್ಕೋ ಎಂದು ನಾಲ್ಕು ಸಲ ಗಟ್ಟಿಯಾಗಿ ಓದಿಕೊಂಡೆ. ನೆಲ ಒರೆಸುತ್ತಿದ್ದ ನೇಪಾಳಿ ಹುಡುಗ ನಾನು ಜಪ ಮಾಡುತ್ತಿದ್ದೇನೆಂದು ತಿಳಿದು ಚಪ್ಪಲಿ ಕಳಚಿ ಆಚೆ ಹೋದ.

ಅಳಿಸಿದೆ. ಬೂದಿ ಹೋಗಿ ಅಕ್ಷರ ಕಪ್ಪಾಯಿತು. ತುದಿಯಲ್ಲಿ 1 ಜಿಬಿ ಬಿಟ್ಟು ಉಳಿದದ್ದನ್ನೆಲ್ಲ ಸಿ-ಗೆ ಸೇರಿಸಿದೆ. ಮೂರು ದಿನದ ತಯಾರಿಗೆ ಎರಡು ಸೆಕೆಂಡಿನ ಕೆಲಸ. ತುದಿಯಲ್ಲಿ ಹೊಸ ರಿಕವರಿ ಕಟ್ಟಿ, ಅದು ರಿಕವರಿಯೇ ಎಂದು ಸಾಬೀತುಪಡಿಸುವ ಗುರುತಿನ ಸಂಖ್ಯೆ ಟೈಪ್ ಮಾಡಿದೆ. ಗೆರೆಗಳೂ ಸೇರಿ 36 ಅಕ್ಷರ, ನಮ್ಮ ಎಮಿರೇಟ್ಸ್ ಐಡಿಗೆ ನಾಚಿಕೆಯಾಗಬೇಕು. ‘ಎನೇಬಲ್’ ಎಂದೆ. ಜೀವ ಅಲ್ಲಿಗೆ ಹೋಗಿ ಸೇರಿತು. ರೀಸ್ಟಾರ್ಟ್ ಆಗುವ ಆ ಆರೇಳು ನಿಮಿಷ ಸರ್ವರ್ ರೂಮಿನ ಹದಿನೆಂಟು ಡಿಗ್ರಿಯಲ್ಲಿ ನನ್ನ ಅಂಗಿ ಒದ್ದೆಯಾಗಿತ್ತು.

ಕೆಂಪು ಹೋಗಿ ನೀಲಿಯಾಗಿತ್ತು. ಹಿರಿಯರಿಗೆ ಮೆಸೇಜ್ ಹಾಕಿದೆ. ಬೆಳಗಿನ ಜಾವ ಮೂರಾದರೂ ಉತ್ತರ ಕೂಡಲೇ ಬಂತು: ‘ಜಾಗ ಎಷ್ಟುಂಟು ಈಗ? ಚೌಲದ ವಿಡಿಯೋ ಒಂದು ಹಾಕ್ಲಿಕ್ಕಿತ್ತು.’

ಫ್ರಾನ್ಸ್ ತಲುಪಿ ಪಾರ್ಕಿಂಗ್ ಹುಡುಕಿ ಇಟಲಿಯಲ್ಲಿ ಕಾರು ನಿಲ್ಲಿಸಿ ನಡೆದು ಬಂದೆ. ಬಾಗಿಲು ತೆಗೆದರೆ ಹಾಲ್ ವಿಶಾಲವಾಗಿತ್ತು. ಗೋಡೆಗೆ ತಾಗಿ ಮಂಚ, ಅದರ ಮೇಲೆ ಅಮ್ಮನಿಗೆಂದು ಎರಡು ಕಂಬಳಿ. ಪೆಟ್ಟಿಗೆಗಳು ಇರಲಿಲ್ಲ. ಎದೆ ಧಸಕ್ಕೆಂದಿತು.

‘ಬಿಸಾಡಿದ್ಯಾ?’

ನಿದ್ದೆಗಣ್ಣಿನಲ್ಲೇ ಹೆಂಡತಿ ಎಂದಳು: ‘ಬಿಸಾಡ್ತಾರೇನ್ರೀ? ಬಾಲ್ಕನಿ ತುದೀಲಿಟ್ಟಿದ್ದೀನಿ. ಟಿವಿ ಪೆಟ್ಟಿಗೇಲಿ ಥರ್ಮಾಕೋಲ್ ಒಂದು ಕಮ್ಮಿ ಇದೆ, ನೋಡಿ.’